ತೊಂಬತ್ತೆರಡು ಅಂಕದ ಮಗು

ಅಮೃತಹಳ್ಳಿಯ ಬಿಲ್ಡರ್ ನಾಗೇಶ್‌ಗೆ ತನ್ನ ಮೂರು ತಿಂಗಳ ಮಗಳನ್ನು ಕಂಡರೆ ಭಯ. ಯಾರದೋ ಮಾತು ಕೇಳಿ ಮಗುವಿನ ಜೊಲ್ಲನ್ನು ಜೀನ್ ಪರೀಕ್ಷೆಗೆ ಕಳಿಸಿದ್ದ. ಸಾವಿರಾರು ಜೀನ್‌ಗಳ ಲೆಕ್ಕ ಹಾಕಿ, ಮುಂದೆ ಯಾವ ಕಾಯಿಲೆ, ಯಾವ ಚಟ ಬರಬಹುದೆಂದು ಅಂಕ ಕೊಡುವ ಪರೀಕ್ಷೆ ಅದು. ಸಕ್ಕರೆ ಕಾಯಿಲೆ, ಹೃದಯ ಎಲ್ಲ ಸಾಧಾರಣ. ಕುಡಿತದ ಚಟಕ್ಕೆ ಮಾತ್ರ ನೂರಕ್ಕೆ ತೊಂಬತ್ತೆರಡು. ಆ ಮನೆಯಲ್ಲಿ ಪಿಯುಸಿಯಲ್ಲೂ ಯಾರೂ ಅಷ್ಟು ತೆಗೆದಿರಲಿಲ್ಲ.

ನಾಗೇಶನ ಅಪ್ಪ ನರಸಿಂಹಯ್ಯ ಕುಡಿದೇ ಸತ್ತಿದ್ದ. ಹಾಗಾಗಿ ವರದಿ ಬಂದಾಗಿನಿಂದ ಮಗು ಹಾಲಿಗೆ ಅತ್ತರೂ ನಾಗೇಶನ ಮುಖ ಕಪ್ಪಿಡುತ್ತಿತ್ತು. ತೊಟ್ಟಿಲ ಶಾಸ್ತ್ರದ ದಿನ ನೆಂಟರ ಮುಂದೆಯೂ, "ನೋಡಿ, ಈಗ್ಲೇ ಎಷ್ಟ್ ಹಠ. ಎಲ್ಲಾ ನಮ್ಮಪ್ಪನ ರಕ್ತ" ಎಂದುಬಿಟ್ಟ.

ಹೆಂಡತಿ ನಯನಾಳಿಗೆ ಮೈ ಉರಿದುಹೋಯಿತು. ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡಳು.

"ಅದು ಬರೀ ಸಾಧ್ಯತೆ ಕಣ್ರೀ. ಆ ಕಾಗದ ಹರಿದು ಹಾಕಿ. ಇಲ್ಲಾಂದ್ರೆ ಇವಳನ್ನ ಕರ್ಕೊಂಡು ವಿದ್ಯಾರಣ್ಯಪುರಕ್ಕೆ ಅಮ್ಮನ ಮನೆಗೆ ಹೋಗ್ತೀನಿ. ನನ್ನ ಮಗಳು ಅನುಮಾನದಲ್ಲಿ ಬೆಳೆಯೋದು ಬೇಡ."

"ಸೈನ್ಸ್ ಸುಳ್ಳು ಹೇಳುತ್ತಾ?"

ನಯನಾ ಮಗುವಿನೊಂದಿಗೆ ಬಾಗಿಲಿಗೆ ನಡೆದಳು. ಅತ್ತೆ ಲಕ್ಕಮ್ಮ ಅಡ್ಡ ನಿಂತಳು.

"ನಿಂತ್ಕೊಳವ್ವ. ಆ ಜೊಲ್ಲು ಮಗೀದಲ್ಲ, ನಂದು."

ನೆಂಟರೆಲ್ಲ ಹತ್ತಿರ ಸರಿದರು.

"ಇವ್ನು ಜೊಲ್ಲು ತೆಗಿ ಅಂತ ಕಡ್ಡಿ ಕೊಟ್ಟಾಗ ನೀನು ಮಲ್ಗಿದ್ದೆ. ಎಳೇ ಮಗೀನ ಬಾಯಿಗೆ ಆ ಕಡ್ಡಿ ಆಕೋಕೆ ನಂಗೆ ಮನಸ್ಸು ಬರ್ಲಿಲ್ಲ. ಒಂದೇ ರಕ್ತ ತಾನೆ, ಯಾರ್ದಾದ್ರೇನು ಅಂತ ನನ್ ಬಾಯಾಗೆ ಆಡಿಸಿ ಕೊಟ್ಟೆ."

ನಾಗೇಶ್ ತಲೆ ಚಚ್ಚಿಕೊಂಡ. "ನೀನು ಜನ್ಮದಲ್ಲಿ ಮುಟ್ಟಿಲ್ವಲ್ಲಮ್ಮ! ನಿಂಗೆ ತೊಂಬತ್ತೆರಡಾ?"

"ಒಂದ್ಸಲ ಮುಟ್ಟಿದ್ದೆ ಕಣಪ್ಪ. ನಿಮ್ಮಪ್ಪ ಉಳಿಸಿದ್ದನ್ನ ಕುಡಿದು ನೋಡ್ದೆ. ಬೋ ಚೆಂದಾಗಿತ್ತು. ಆಮೇಲೆ ದಿನಾ ಬೇಕು ಅನ್ನಿಸ್ತಿತ್ತು. ನೀನಿನ್ನೂ ತೊಟ್ಟಿಲಾಗಿದ್ದೆ. ಇಬ್ರೂ ಇಂಗೆ ಕುಡ್ದು ಬಿದ್ರೆ ನಿನ್ನ ನೋಡೋರ್ಯಾರು? ಮತ್ತೆ ಮುಟ್ಲಿಲ್ಲ." ಗಾಳಿಗೆ ಅಲ್ಲಾಡುತ್ತಿದ್ದ ತೊಟ್ಟಿಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. "ಅರ್ದಾಕೋ ಆ ಕಾಗ್ದಾನ. ಖಾಲಿ ತೊಟ್ಲು ತೂಗಬಾರ್ದು."

ನಾಗೇಶ್ ವರದಿಯನ್ನು ಹರಿದ. ನಯನಾ ಅಷ್ಟಕ್ಕೇ ಕರಗಲಿಲ್ಲ. ಮಗುವನ್ನು ಅವನ ಕೈಗೇ ಕೊಟ್ಟು, "ನೀವೇ ಮಲಗ್ಸಿ" ಎಂದಳು.

ಮಗು ಮನೆ ಹಾರಿಹೋಗುವಂತೆ ಕಿರುಚಿತು. ನೆಂಟರೆಲ್ಲ ನಾಗೇಶನ ಮುಖವನ್ನೇ ನೋಡಿದರು.

"ಹಸಿವು ಅನ್ಸುತ್ತೆ ಕಣೇ" ಎಂದ.