ಮಳೆಗೆ ಇಳಿಯದ ಕಾರು

ಇರ್ಫಾನ್ ಶೆವರ್ಲೆಯ ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ ಬೆರಳುಗಳಿಂದ ತಡಕಾಡುತ್ತಿದ್ದ. ಅವನ ಕಾಲುಗಳೆರಡು ಮಾತ್ರ ಬಾಗಿಲಿನಿಂದ ಹೊರಗಿದ್ದವು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ಜಗಲಿಯ ಗಾಜಿನ ಫ್ರೀಜರಿನೊಳಗೆ, ಕಾರಿನ ಯಜಮಾನ ರಘುರಾಮ ಅವನಿಗಿಂತ ನೆಟ್ಟಗೆ ಮಲಗಿದ್ದರು.

“ಬ್ಯಾಟರಿಗೆ ಎಲ್ಲೋ ಒಂದು ಕಳ್ಳ ಸ್ವಿಚ್ ಇಟ್ಟಿದ್ದಾರೆ. ಅದು ಸಿಗದೆ ಸ್ಟಾರ್ಟ್ ಆಗುವುದಿಲ್ಲ,” ಎಂದು ಒಳಗಿನಿಂದಲೇ ಮಲಯಾಳದಲ್ಲಿ ಕೂಗಿದ. ಮಟ್ಟಾಂಚೇರಿಯ ಈ ಮೆಕ್ಯಾನಿಕ್ ಇಪ್ಪತ್ತು ವರ್ಷ ಆ ಕಾರಿನ ಹೊಟ್ಟೆ ಬಗೆದವನು. ಅವನಿಗೂ ರಘುರಾಮ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಸೌದಾಮಿನಿಗೆ ಗೊತ್ತಿತ್ತು. ಗಂಡ ಅದನ್ನು ಕೂರಿಸಿದ ದಿನ ಟಾರ್ಚ್ ಹಿಡಿದು ನಿಂತವಳು ಅವಳೇ. ಆದರೆ ಹೆಂಡತಿಯನ್ನೊಮ್ಮೆ ಕೇಳಿನೋಡೋಣವೆಂದು ನೆರೆದ ಅಷ್ಟು ಗಂಡಸರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ.

ಹಳೆ ಕಾರುಗಳ ಕ್ಲಬ್ಬಿನವರು ಬೆಳಿಗ್ಗೆಯೇ ಕೊಚ್ಚಿಯಿಂದ ತಿರುವನಂತಪುರಕ್ಕೆ ಬಂದಿಳಿದಿದ್ದರು. ಅವರ ನಾಲ್ಕು ಕಾರುಗಳು ರಸ್ತೆಯಲ್ಲಿ ಫಳಫಳ ಹೊಳೆಯುತ್ತಿದ್ದವು. ಹೆಣ ನೋಡಲು ಬಂದವರು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಕಿಶೋರ್ ಈ ಮನೆಯವರ ಹಾಗೆಯೇ ಕಾಸರಗೋಡಿನ ಕನ್ನಡದವನು.

“ಅಕ್ಕ, ನಮ್ಮದೊಂದು ಆಸೆ,” ಎಂದು ಅವನು ಕೈಕಟ್ಟಿಕೊಂಡು ನಿಂತ. “ತೈಕ್ಕಾಡಿನ ಸ್ಮಶಾನದವರೆಗೆ ಆಂಬುಲೆನ್ಸಿನ ಮುಂದೆ ಶೆವರ್ಲೆ ಹೋಗ್ಬೇಕು. ಇವಳು ನನ್ನ ಮಗಳು ಅಂತ ರಘುರಾಮಣ್ಣ ಯಾವಾಗ್ಲೂ ಹೇಳ್ತಿದ್ರಲ್ಲ. ಮಗಳು ಮುಂದೆ ಹೋಗ್ಲಿ.”

“ಹಾಗಾದ್ರೆ ನಾನೂ ಬರ್ತೇನೆ.”

“ಎಂತ ಮಾತು ಸೌದಾಮಿನಿ!” ಎಂದು ರಘುರಾಮರ ಅಕ್ಕ ವಿನೋದಾ ಗದರಿದರು. “ಹೆಂಗಸರು ಗೇಟಿನವರೆಗೆ ಮಾತ್ರ. ಅದರಾಚೆ ಹೋಗುವ ಕ್ರಮ ನಮ್ಮಲ್ಲಿ ಉಂಟಾ?”

ತಗಡಿನ ಮಗಳು ಹೋಗಬಹುದಿತ್ತು. ಹೆಂಡತಿಗೆ ಗೇಟೇ ಕೊನೆ.

* * *

ಮದುವೆಯಾದ ವರ್ಷ ಮಟ್ಟಾಂಚೇರಿಯ ಮೆಣಸಿನ ವ್ಯಾಪಾರಿಯೊಬ್ಬರ ಗೋದಾಮಿನಿಂದ ಆ ಕಾರು ಬಂದದ್ದು. ಐವತ್ತೈದನೇ ಇಸವಿಯ ಅಮೆರಿಕದ ಮೈ, ಒಳಗೆ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್. ಮುಂದೆ ಬೆಂಚಿನಂಥ ಒಂದೇ ಉದ್ದ ಸೀಟು. ತಿರುವನಂತಪುರದವರೆಗೂ ಅವಳು ಗಂಡನಿಗೆ ಒರಗಿಕೊಂಡೇ ಬಂದಿದ್ದಳು. ದಾರಿಯಲ್ಲಿ ಬಾಳೆಹಣ್ಣಿನ ಪಳಂಪೊರಿ ತಿಂದು ಎಣ್ಣೆ ಕೈಯನ್ನು ಸೀಟಿಗೆ ಒರೆಸಿದರೂ ರಘುರಾಮ ನಕ್ಕಿದ್ದರು.

ಆಮೇಲೆ ಕಾರೇ ಮನೆಯ ಯಜಮಾನ್ತಿಯಾಯಿತು. ಕಾನೂನು ಇಲಾಖೆಯಲ್ಲಿ ಹಗಲೆಲ್ಲ ಫೈಲಿಗೆ ತಲೆ ಬಗ್ಗಿಸುತ್ತಿದ್ದ ಮನುಷ್ಯ ಅದರ ಪಕ್ಕ ನಿಂತಾಗ ಮಾತ್ರ ತಲೆ ಎತ್ತುತ್ತಿದ್ದರು. ಡೀಸೆಲ್ ಹೋಗಿ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಂತು. ಬೆಂಚು ಹೋಗಿ ಎರಡು ಬೇರೆ ಬೇರೆ ಸೀಟುಗಳು ಬಂದವು. ಅವಳ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೊನೆಯವರೆಗೂ ತೆಗೆಯಲಿಲ್ಲ.

ತೊಂಬತ್ತರ ಜೂನ್. ಕಾರಿಗೆ ಹೊಸ ಬಣ್ಣ ಹೊಡೆಸಿ ಒಂಬತ್ತು ದಿನವಾಗಿತ್ತು. ಮಧ್ಯಾಹ್ನ ಅವಳಿಗೆ ಹೆರಿಗೆ ನೋವು ಶುರುವಾಯಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

“ಕಾರು ತೆಗೀರಿ,” ಎಂದಿದ್ದಳು.

“ಪೇಂಟ್ ಇನ್ನೂ ಹಸಿ ಉಂಟು ಮಾರಾಯ್ತಿ. ಈ ಮಳೆಗೆ ಇಳಿಸಿದ್ರೆ ಗುಳ್ಳೆ ಏಳ್ತದೆ. ಎರಡು ನಿಮಿಷ, ಆಟೋ ತರ್ತೇನೆ.”

ಕೊಡೆ ಹಿಡಿದು ಓಡಿದರು. ಆಟೋ ಬರುವಾಗ ಮುಕ್ಕಾಲು ಗಂಟೆಯಾಗಿತ್ತು. ಮಗು ಹೆಣ್ಣು, ಅಳಲಿಲ್ಲ. ಸ್ವಲ್ಪ ಮೊದಲು ಬರಬಹುದಿತ್ತು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ರಘುರಾಮ ಮೂರು ದಿನ ಅತ್ತರು. ನಾಲ್ಕನೆಯ ದಿನ ಕಾರು ಒರೆಸಿದರು. ಎರಡು ವರ್ಷಕ್ಕೆ ಮಗ ಅಭಿರಾಮ ಹುಟ್ಟಿದ ಮೇಲೆ ಹಳೆಯ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಕೊಚ್ಚಿಯ ಒಂದು ಪ್ರದರ್ಶನದಲ್ಲಿ ಗಂಡ ಮೈಕ್ ಹಿಡಿದು “ಇವಳು ನನ್ನ ಮಗಳು” ಎಂದು ಕಾರಿನ ಬಾನೆಟ್ ತಟ್ಟಿದಾಗ, ಜನ ಚಪ್ಪಾಳೆ ಹೊಡೆದಾಗ, ಸೌದಾಮಿನಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತೂ ಮನೆಗೆ ಬಂದು ಅವರಿಗೆ ಅನ್ನ ಬಡಿಸಿದ್ದಳು. ಹಾಗೆ ಬಡಿಸಿದ ತನ್ನನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

* * *

ಹೆಣವನ್ನು ಆಂಬುಲೆನ್ಸಿಗೆ ಏರಿಸಿದ್ದಾಯಿತು. ಭಟ್ಟರು ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು. ಇರ್ಫಾನ್ ಎದ್ದು ಕೈ ಒರೆಸಿಕೊಂಡು ನೇರ ಸೌದಾಮಿನಿಯ ಹತ್ತಿರ ಬಂದ.

“ಚೇಚಿ, ಆ ಸ್ವಿಚ್ ಎಲ್ಲಿದೆ ಅಂತ ನಿಮಗೆ ಗೊತ್ತಿದೆ ಅಲ್ವಾ?”

ಅಷ್ಟರಲ್ಲಿ ಶೆಡ್ಡಿನ ತಗಡಿನ ಮೇಲೆ ದಪ್ಪ ಹನಿಗಳು ಬಿದ್ದವು. ಕ್ಲಬ್ಬಿನವರು ದಡಬಡ ಓಡಿದರು. ಆಂಬುಲೆನ್ಸಿನ ಬಾಗಿಲು ಇನ್ನೂ ತೆರೆದೇ ಇತ್ತು; ಅವರು ಓಡಿದ್ದು ತಂತಮ್ಮ ಕಾರುಗಳಿಗೆ ಹೊದಿಕೆ ಹಾಕಲು. ಸೌದಾಮಿನಿ ಎಲ್ಲ ನೋಡಿದಳು.

“ಗೊತ್ತುಂಟು,” ಎಂದಳು. “ಹೇಳುದಿಲ್ಲ.”

ಒದ್ದೆ ತಲೆಯಲ್ಲೇ ಕಿಶೋರ್ ಮರಳಿ ಬಂದ. “ಅಕ್ಕ, ಅವರ ಆತ್ಮಕ್ಕೆ...”

“ಮಳೆ ಬರ್ತಾ ಉಂಟಲ್ಲ ಕಿಶೋರ. ಮಳೆಗೆ ಇವರ ಕಾರು ಇಳಿಯುದಿಲ್ಲ. ನಾನು ನೋವಲ್ಲಿ ಬಿದ್ದು ಹೊರಳಿದಾಗ್ಲೂ ಇಳಿಸಿದವರಲ್ಲ. ಇವತ್ತು ಅವರಿಗೋಸ್ಕರ ಯಾಕೆ ಇಳಿಸ್ಬೇಕು?”

“ಅಮ್ಮಾ, ಪ್ಲೀಸ್. ನಾಟ್ ಟುಡೇ,” ಎಂದ ಅಭಿರಾಮ. ಕನ್ನಡ ಅರ್ಥವಾದರೂ ಅವನು ಉತ್ತರ ಕೊಡುತ್ತಿದ್ದುದು ಇಂಗ್ಲಿಷಿನಲ್ಲೇ.

“ನಿಂಗೊಬ್ಳು ಅಕ್ಕ ಇದ್ಳು ಅಂತ ಅಪ್ಪ ಯಾವತ್ತಾದ್ರೂ ಹೇಳಿದ್ರಾ ಅಭಿ?”

ಅವನು ಅತ್ತೆಯ ಮುಖ ನೋಡಿದ. ವಿನೋದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ಅವನು ಆಂಬುಲೆನ್ಸ್ ಹತ್ತಿದ.

ಆಂಬುಲೆನ್ಸ್ ಹೊರಟಿತು. ಕ್ಲಬ್ಬಿನ ಕಾರುಗಳು ಹೊದಿಕೆಯೊಳಗೇ ಬೆಚ್ಚಗೆ ನಿಂತವು. ಅವುಗಳ ಯಜಮಾನರು ಕೈ ಅಡ್ಡ ಹಿಡಿದು ಆಟೋಗಳನ್ನು ನಿಲ್ಲಿಸಿ ಹಿಂದೆ ಹೋದರು.

“ಸ್ನಾನಕ್ಕೆ ಬಾ,” ಎಂದು ವಿನೋದಾ ಒಳಗಿನಿಂದ ಕರೆದರು.

ಸೌದಾಮಿನಿ ಶೆಡ್ಡಿಗೆ ಹೋದಳು. ಕಾರಿನ ನಾಲ್ಕೂ ಕಿಟಕಿಗಳ ಗಾಜು ಇಳಿಸಿದಳು. ಗೇರನ್ನು ನ್ಯೂಟ್ರಲಿಗೆ ತಂದು ಡ್ಯಾಶಿನ ಕೆಳಗಿನ ಹ್ಯಾಂಡ್‌ಬ್ರೇಕ್ ಬಿಟ್ಟಳು. ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಲೆಂದು ರಘುರಾಮರೇ ಅಂಗಳವನ್ನು ಇಳಿಜಾರು ಮಾಡಿಸಿದ್ದರು. ಒಮ್ಮೆ ಭುಜ ಕೊಟ್ಟದ್ದೇ ಸಾಕಾಯಿತು. ಶೆವರ್ಲೆ ಸದ್ದಿಲ್ಲದೆ ಮಳೆಗೆ ಇಳಿದು, ಉರುಳಿ ಹೋಗಿ, ಗೇಟಿನ ಕಂಬಕ್ಕೆ ಮೂತಿ ಗುದ್ದಿಕೊಂಡು ನಿಂತಿತು.

ಅವಳು ನೆನೆಯುತ್ತಲೇ ಅಲ್ಲಿಗೆ ನಡೆದು ತನ್ನ ಬದಿಯ ಬಾಗಿಲು ತೆರೆದಳು. ಸೀಟಿನ ಪ್ಲಾಸ್ಟಿಕ್ಕನ್ನು ಎರಡೂ ಕೈಯಿಂದ ಹರಿದು ತೆಗೆದು, ಅದನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಗಳಿಂದ ಮಳೆ ಒಳಗೆ ಬರುವುದನ್ನು ನೋಡುತ್ತ ಕೂತಳು.