ಕಿಸೆಯೊಳಗಿನ ಸೀಟಿ

ನಾನೊಂದು ಸೀಟಿ. ಕಂಡಕ್ಟರರು ಊದುವ ಹಿತ್ತಾಳೆ ಸೀಟಿ. ಊದದ ಸೀಟಿ ಇದ್ದೇನು ಪ್ರಯೋಜನ ಎಂದು ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಕೆಟ್ಟಿಲ್ಲ. ಈಗ ಊದಿದರೂ ಅರ್ಧ ಬಸ್‌ಸ್ಟ್ಯಾಂಡು ತಿರುಗಿ ನೋಡುತ್ತದೆ. ಆದರೂ ಹದಿನಾಲ್ಕು ವರ್ಷಗಳಿಂದ ಸುಮ್ಮನಿದ್ದೇನೆ, ಬೇಕೆಂದೇ ಸುಮ್ಮನಿದ್ದೇನೆ.

ಹಿತ್ತಾಳೆ ತಗಡನ್ನು ಅಚ್ಚಿಗೆ ಒತ್ತಿ, ಬೆಸುಗೆ ಹಾಕಿ, ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಬೆಂಡಿನ ಗುಂಡು ಬಿಟ್ಟು ನನ್ನನ್ನು ಮಾಡಿದರು. ಆ ಗುಂಡು ಕುಣಿದರಷ್ಟೇ ನನಗೆ ಗಂಟಲು. ಗದಗಿನ ಅಂಗಡಿಯೊಂದರಲ್ಲಿ ಬೀಗ, ಬಾಚಣಿಗೆಗಳ ನಡುವೆ ನೇತಾಡುತ್ತಿದ್ದ ನನ್ನನ್ನು ಕೊಂಡವನು ಕಂಡಕ್ಟರ್ ಫಕೀರಪ್ಪ. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಫಕೀರಪ್ಪ ಇದಕ್ಕೆ ತನ್ನದೊಂದು ಪದ್ಧತಿ ಸೇರಿಸಿದ್ದ. ಬಸ್ಸಿನಲ್ಲಿ ಜಗಳ ಎದ್ದರೆ ನಡುವೆ ನಿಂತು, ಉಸಿರು ಮುಗಿಯುವ ತನಕ ಒಂದೇ ಸಮ ಊದುತ್ತಿದ್ದ. ಎಂಥ ಹುಲಿಯಂಥವರೂ ಕಿವಿ ಮುಚ್ಚಿಕೊಂಡು ತೆಪ್ಪಗಾಗುತ್ತಿದ್ದರು. ನನಗೆ ಸೊಕ್ಕು ಏರಿದ್ದು ಆಗಲೇ.

ನಿವೃತ್ತಿಯ ದಿನ ಅವನು ನನ್ನನ್ನು ಹೊಸ ಕಂಡಕ್ಟರ್ ದಾಕ್ಷಾಯಣಿಯ ಕೈಗಿಟ್ಟ. “ತಂಗಿ, ಮಂದಿ ನಿನ್ನ ಮಾತು ಕೇಳಲಿಲ್ಲಂದ್ರ ಇದರ ಮಾತು ಕೇಳ್ತಾರ” ಅಂದ. ದಾಕ್ಷಾಯಣಿ ನನ್ನನ್ನು ಮೊದಲು ಬಿಸಿನೀರಿನಲ್ಲಿ ಕುದಿಸಿದಳು. ಫಕೀರಪ್ಪನ ತಂಬಾಕಿನ ನಾತ ಹೋದದ್ದು ನನಗೂ ಹಿತವೇ ಆಯಿತು.

ಅವಳದು ಮುಂಡರಗಿಯಿಂದ ಗದಗಿಗೆ ಹೋಗುವ ಬೆಳಗಿನ ಬಸ್ಸು. ಮಂಗಳವಾರ ಮತ್ತು ಶುಕ್ರವಾರ ನೀಲವ್ವ ಮಗಳು ಚಂಪಾಳೊಂದಿಗೆ ಹತ್ತುತ್ತಿದ್ದಳು. ಚಂಪಾಗೆ ಆಗ ಹತ್ತೊಂಬತ್ತು ವರ್ಷ. ಆಟಿಸಂ ಇರುವ ಹುಡುಗಿ. ಮಾತು ಕಡಿಮೆ, ಕಿವಿ ಬಲು ಚುರುಕು. ಗದಗಿನ ಒಂದು ಕೇಂದ್ರದಲ್ಲಿ ಕೈಮಗ್ಗ ಕಲಿಯುತ್ತಿದ್ದಳು. ಆ ಹೊತ್ತಿಗೆ ಇದ್ದದ್ದು ಇದೊಂದೇ ಬಸ್ಸು. ಈ ಬಸ್ಸು ತಪ್ಪಿದರೆ ಮಗ್ಗವೂ ತಪ್ಪಿತೆಂದೇ ಲೆಕ್ಕ.

ಒಂದು ಶುಕ್ರವಾರ ಮದುವೆ ಮಂದಿ ಬಸ್ಸಿನ ತುಂಬ ತುಂಬಿಕೊಂಡರು. ಮೂರು ಮೊಬೈಲುಗಳಲ್ಲಿ ಮೂರು ಹಾಡು. ಚಂಪಾ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗತೊಡಗಿದಳು. ಡಂಬಳ ದಾಟಿದ ಮೇಲೆ ಚೀರಿಬಿಟ್ಟಳು. “ಕಪಾಳಕ್ಕ ಎರಡು ಬಿಡ್ರಿ, ಸುಮ್ನಾಗ್ತಾಳ” ಎಂದ ರುಮಾಲಿನ ಹಿರಿಯನೊಬ್ಬ. “ಇಳಸ್ರಿ ಇಬ್ಬರನ್ನೂ” ಎಂದು ಹಿಂದಿನ ಸೀಟಿನಿಂದ ಕೂಗಿದರು. ಯಾರೋ ಅವಳ ರಟ್ಟೆ ಹಿಡಿದರು. ಗದ್ದಲ ಅಡಗಿಸಲು ದಾಕ್ಷಾಯಣಿ ಫಕೀರಪ್ಪ ಮಾಡುತ್ತಿದ್ದುದನ್ನೇ ಮಾಡಿದಳು. ಚಂಪಾಳ ಪಕ್ಕದಲ್ಲೇ ನಿಂತು ಉಸಿರು ಮುಗಿಯುವ ತನಕ ನನ್ನನ್ನು ಊದಿದಳು.

ಮಂದಿ ಸುಮ್ಮನಾದರು. ಬಸ್ಸೂ ನಿಂತಿತು. ಚಂಪಾ ಮಾತ್ರ ಕಿಟಕಿಯ ಸರಳಿಗೆ ಹಣೆ ಬಡಿದುಕೊಳ್ಳತೊಡಗಿದಳು. ಒಂದೊಂದು ಪೆಟ್ಟಿಗೂ ನಾನೇ ಕಾರಣ. ಆ ಕ್ಷಣ ನನಗೆ ನನ್ನ ಗಂಟಲಿನ ಮೇಲೆಯೇ ಹೇಸಿಗೆಯಾಯಿತು.

ನೀಲವ್ವ ಮಗಳನ್ನು ಹಿಡಿಯಲಿಲ್ಲ, ಗದರಲಿಲ್ಲ. ಸರಳಿಗೂ ಹಣೆಗೂ ನಡುವೆ ತನ್ನ ಅಂಗೈ ಇಟ್ಟಳು, ಅಷ್ಟೇ. ಪೆಟ್ಟು ಅಂಗೈಗೆ ಬೀಳತೊಡಗಿತು. ಮೆಲ್ಲಗೆ ಹೇಳಿದಳು: “ಅಕ್ಕಾರ, ಅದನ್ನ ಕಿಸೆದಾಗ ಇಡ್ರಿ. ಈಕಿ ಹಟ ಮಾಡಾಕತ್ತಿಲ್ಲ. ಈಕಿಗೆ ತಡಕೊಳ್ಳಾಕ ಆಗವಲ್ದು.”

ದಾಕ್ಷಾಯಣಿಯ ಮುಖ ಕಪ್ಪಿಟ್ಟಿತು. ನನ್ನನ್ನು ಕಿಸೆಗೆ ಹಾಕಿ, ಡ್ರೈವರ್ ಇಮಾಮಸಾಬರಿಗೆ ಇಂಜಿನ್ ಬಂದ್ ಮಾಡಲು ಹೇಳಿದಳು. ಆಮೇಲೆ ಮಂದಿಯತ್ತ ತಿರುಗಿ, “ಎಲ್ಲಾರೂ ಇಳದು ಬೇವಿನ ನೆಳ್ಳಾಗ ನಿಂದರ್ರಿ” ಅಂದಳು.

“ಇಳಿಯೋರು ಅವರೋ ನಾವೋ?” ರುಮಾಲಿನ ಹಿರಿಯ ಕೆರಳಿದ.

“ನೀವ. ನಿಮಗ ಇಳಿಯಾಕ ಬರ್ತೈತಿ. ಆಕಿಗೆ ಈಗ ಬರೂದಿಲ್ಲ.”

ಗೊಣಗುತ್ತ ಇಳಿದರು. ಬಸ್ಸು ಖಾಲಿಯಾಯಿತು. ದಾಕ್ಷಾಯಣಿ ಸಮಾಧಾನ ಹೇಳಲು ಬಾಯಿ ತೆರೆದಳು. ನೀಲವ್ವ ಬೇಡವೆಂದು ತಲೆಯಾಡಿಸಿದಳು. ಬೆನ್ನು ಸವರಲು ಚಾಚಿದ ಕೈಯನ್ನೂ ದಾಕ್ಷಾಯಣಿ ಹಿಂದಕ್ಕೆಳೆದುಕೊಂಡಳು. ಎರಡು ಸೀಟು ಆಚೆ ಹೋಗಿ, ಚಂಪಾಳನ್ನು ದಿಟ್ಟಿಸದೆ, ಹೊರಗೆ ನೋಡುತ್ತ ಕುಳಿತಳು. ಏನೂ ಮಾಡದೆ ಜೊತೆಗಿರುವುದು ಎಷ್ಟು ಕಷ್ಟದ ಕೆಲಸ ಎಂಬುದು ಅವಳ ಎದೆಬಡಿತದಿಂದಲೇ ನನಗೆ ತಿಳಿಯುತ್ತಿತ್ತು. ಪೆಟ್ಟುಗಳು ನಿಧಾನವಾದವು, ನಿಂತವು. ಚಂಪಾ ಸೀಟಿನ ಹರಿದ ರೆಕ್ಸಿನ್ನಿನ ನೂಲು ಎಳೆಯತೊಡಗಿದಳು. ಬಹಳ ಹೊತ್ತಿನ ಮೇಲೆ “ಗದಗ” ಅಂದಳು.

ಎಲ್ಲರೂ ಹತ್ತಿದ ಮೇಲೆ ದಾಕ್ಷಾಯಣಿಯ ಕೈ ರೂಢಿಯಂತೆ ಕಿಸೆಗೆ ಬಂದು, ಅಲ್ಲೇ ನಿಂತಿತು. ಬಾಗಿಲಲ್ಲಿ ನಿಂತು ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಇಮಾಮಸಾಬರಿಗೆ ಅರ್ಥವಾಯಿತು. ಅಂದಿನಿಂದ ಮಂಗಳವಾರ, ಶುಕ್ರವಾರ ನಮ್ಮ ಬಸ್ಸಿನಲ್ಲಿ ಸೀಟಿ ಇಲ್ಲ.

ರುಮಾಲಿನ ಹಿರಿಯ ದೂರು ಕೊಟ್ಟ. ಡಿಪೋದಿಂದ ಮೆಮೊ ಬಂತು: ಬಸ್ಸು ತಡವಾದದ್ದೇಕೆ, ಪ್ರಯಾಣಿಕರನ್ನು ಇಳಿಸಿದ್ದೇಕೆ, ಸೀಟಿ ಊದದಿರುವುದೇಕೆ? ಅಂಥವರನ್ನು ಇನ್ನು ಹತ್ತಿಸಿಕೊಳ್ಳಬೇಡ ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದರು. ದಾಕ್ಷಾಯಣಿ ಉತ್ತರ ಬರೆದಳು: “ಬಸ್ಸು ತಡವಾದದ್ದು ನಿಜ. ತಪ್ಪು ಚಂಪಾಳದಲ್ಲ, ಅವಳ ಕಿವಿಯ ಬಳಿ ಸೀಟಿ ಊದಿದ ನನ್ನದು. ಅವಳು ಟಿಕೆಟ್ ಪಡೆದ ಪ್ರಯಾಣಿಕೆ. ಅವಳನ್ನು ಇಳಿಸುವುದಿಲ್ಲ. ಅವಳಿರುವಾಗ ಸೀಟಿ ಊದುವುದೂ ಇಲ್ಲ.”

ದಾಕ್ಷಾಯಣಿಯನ್ನು ಅಮಾನತು ಮಾಡಿ ಹದಿನೈದು ದಿನ ಮನೆಯಲ್ಲಿ ಕೂರಿಸಿದರು. ಬಸ್ಸಿನಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ: ಬದಲಿಗೆ ಬಂದ ಕಂಡಕ್ಟರ್ ಮಂಗಳವಾರ ತನ್ನ ಸೀಟಿಯನ್ನು ಜೋರಾಗಿ ಊದಲು ಹೋದ. ಇಮಾಮಸಾಬರು ಸ್ಟೇರಿಂಗ್ ಮೇಲೆ ಕೈಕಟ್ಟಿ ಕುಳಿತು, “ತಟ್ಟಿದ್ರ ಹೋಗ್ತೈತಿ, ಊದಿದ್ರ ಹೋಗೂದಿಲ್ಲ” ಅಂದರು. ದಿನಾ ಬರುವ ಹಾಲಿನವರು, ಟೀಚರಮ್ಮಂದಿರು ಒಳಗಿನಿಂದಲೇ ತಟ್ಟತೊಡಗಿದರು. ಆಮೇಲೆ ಡಿಪೋದವರು ಆ ಮಾತೇ ಎತ್ತಲಿಲ್ಲ.

ದಾಕ್ಷಾಯಣಿ ಮರಳಿ ಬಂದ ದಿನ ಚಂಪಾ ಅವಳ ಕಿಸೆಯತ್ತ ಕೈ ಚಾಚಿದಳು. “ಅದು” ಅಂದಳು. ದಾಕ್ಷಾಯಣಿ ಹೆದರುತ್ತಲೇ ಕೊಟ್ಟಳು. ಚಂಪಾ ನನ್ನನ್ನು ಊದಲಿಲ್ಲ. ಕಿವಿಯ ಬಳಿ ಹಿಡಿದು ಮೆಲ್ಲಗೆ ಹೊರಳಿಸಿದಳು. ಒಳಗಿನ ಗುಂಡು ಗುಳುಗುಳು ಎಂದಿತು. ನನಗೆ ಇಂಥದೊಂದು ಮೆಲುದನಿ ಇರುವುದು ನನಗೇ ಗೊತ್ತಿರಲಿಲ್ಲ. ದಾಕ್ಷಾಯಣಿ ನನ್ನನ್ನು ಅವಳಿಗೇ ಬಿಟ್ಟುಕೊಟ್ಟಳು; ಅಂದಿನಿಂದ ನಾನು ಚಂಪಾಳ ಕಿಸೆಯವನು.

ಈಗ ನನ್ನ ಹಿತ್ತಾಳೆ ಮಂಕಾಗಿದೆ. ಇಮಾಮಸಾಬರೂ ದಾಕ್ಷಾಯಣಿಯೂ ಬೇರೆ ಬೇರೆ ಊರು ಸೇರಿದ್ದಾರೆ, ಅವರ ತಟ್ಟು ಮಾತ್ರ ಈ ದಾರಿಯ ಡ್ರೈವರುಗಳಿಗೆಲ್ಲ ಗೊತ್ತು. ಚಂಪಾ ಗದಗಿನ ಅದೇ ಕೇಂದ್ರದಲ್ಲಿ ದಿನಾ ಮಗ್ಗಕ್ಕೆ ಕೂರುತ್ತಾಳೆ, ಒಬ್ಬಳೇ ಹೋಗಿಬರುತ್ತಾಳೆ. ಮೊನ್ನೆ ಹೊಸ ಕಂಡಕ್ಟರ್ ಒಬ್ಬ ಅವಳ ಪಕ್ಕದಲ್ಲೇ ನಿಂತು ಸೀಟಿ ಬಾಯಿಗಿಟ್ಟುಕೊಂಡ. ಚಂಪಾ ಒಂದು ಕೈಯಿಂದ ಕಿವಿ ಮುಚ್ಚಿಕೊಂಡಳು. ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಬಸ್ಸಿನ ಮೈಯನ್ನು ಎರಡು ಸಲ ತಟ್ಟಿದಳು.

ಕಂಡಕ್ಟರ್ ಊದುವ ಮೊದಲೇ ಬಸ್ಸು ಹೊರಟಿತು.