ಸಲೂನಣ್ಣನ ಮೊಣಕಾಲು

ಆ ಚರ್ಚಿನಲ್ಲಿ ಯಾರೂ ತಮಗಾಗಿ ತಾವೇ ಬೇಡಿಕೊಳ್ಳುವಂತಿಲ್ಲ. ಎಡಗಡೆ ಕುಳಿತವರಿಗಾಗಿ ಬೇಡಿಕೊಳ್ಳಬೇಕು. ಇದು ಪಾಸ್ಟರ್ ಮಾಡಿದ ನಿಯಮ, ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ಪಂಪು ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಜನ ತಂತಮ್ಮ ಕಷ್ಟ ಹೇಳಿಕೊಳ್ಳಲು ಎದ್ದು ನಿಂತರೆ ಕೂರುವ ಮಾತೇ ಇರುತ್ತಿರಲಿಲ್ಲ. ಆರಾಧನೆ ಮುಗಿಯುವಷ್ಟರಲ್ಲಿ ಎಲ್ಲರ ಹೊಟ್ಟೆ ತಾಳ ಹಾಕುತ್ತಿತ್ತು. ಪಕ್ಕದವರ ಕಷ್ಟವಾದರೆ ಎಂಥವರೂ ಎರಡು ಮಾತಿನಲ್ಲಿ ಮುಗಿಸುತ್ತಾರೆ ಎನ್ನುವುದು ಪಾಸ್ಟರ್ ಲೆಕ್ಕಾಚಾರ. ಅದೇನೋ ಸರಿಯೇ. ಆದರೆ ಪಕ್ಕದವರ ಕಷ್ಟ ಏನೆಂದು ಮೊದಲೇ ಕೇಳಿ ತಿಳಿದಿರಬೇಕಲ್ಲ? ಹಾಗಾಗಿ ಬೇರೆ ಕಡೆ ‘ಇಲ್ಲದ ಉಸಾಬರಿ’ ಎನ್ನಿಸಿಕೊಳ್ಳುವುದು ಇಲ್ಲಿ ಭಕ್ತಿಯ ಭಾಗವಾಯಿತು.

ಚರ್ಚು ಅಂದೆನೆಂದು ಗೋಪುರ, ಗಂಟೆ ಎಲ್ಲ ಕಲ್ಪಿಸಿಕೊಳ್ಳಬೇಡಿ. ಟಯರ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ, ಅಷ್ಟೇ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಮರದ ಶಿಲುಬೆ, ಚಾವಣಿ ಸೋರುವ ಜಾಗಕ್ಕೊಂದು ಬಕೆಟ್ಟು. ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಪಾಸ್ಟರ್ ‘ಪವಿತ್ರಾತ್ಮ’ ಎನ್ನುವ ಹೊತ್ತಿಗೆ ಸರಿಯಾಗಿ ಕೆಳಗೆ ಯಾರಾದರೂ ಟಯರಿಗೆ ಗಾಳಿ ತುಂಬಿಸುತ್ತಿರುತ್ತಾರೆ. ಅದಕ್ಕೆ ಈಗೀಗ ಯಾರೂ ನಗುವುದಿಲ್ಲ.

ಸಲೂನಣ್ಣನ ಅಂಗಡಿ ಅದೇ ಬೀದಿಯ ಮೂಲೆಯಲ್ಲಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಎರಡು ಕುರ್ಚಿ: ಅಂಗಡಿಯಲ್ಲಿ ಗಿರಾಕಿ ಕೂರುವ ತಿರುಗುವ ಕುರ್ಚಿ, ಚರ್ಚಿನಲ್ಲಿ ತಾನು ಕೂರುವ ಕೊನೆಯ ಸಾಲಿನ ಕುರ್ಚಿ. ಅವನ ಬಲಗಡೆ ಟೈಲರಮ್ಮ. ಎಡಗಡೆ, ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಓಡಿಸುತ್ತಿದ್ದ, ಈಗ ಬರೀ ದಿನ ದೂಡುತ್ತಿದ್ದ ಲೇತಪ್ಪ. ಸಲೂನಣ್ಣ ವಾರವಾರವೂ ಎದ್ದು, “ನನ್ನ ಎಡಗಡೆಯವನಿಗೆ ಒಂದು ಕೆಲಸ ಸಿಗಲಿ ಕರ್ತನೇ,” ಎಂದು ಬೇಡಿಕೊಂಡು ಕೂರುತ್ತಿದ್ದ. ಕೆಲಸ ಸಿಕ್ಕಿರಲಿಲ್ಲ. ಇಬ್ಬರಿಗೂ ಬೇಜಾರೇನೂ ಇರಲಿಲ್ಲ, ಅಭ್ಯಾಸವಾಗಿತ್ತು.

ಬಲಗೈ ಮೊದಲು ನಡುಗಿದಾಗ ಸಲೂನಣ್ಣ ಚಳಿ ಎಂದುಕೊಂಡ. ಬೇಸಿಗೆ ಬಂದ ಮೇಲೂ ನಡುಗಿತು. ಕತ್ತರಿಯ ಕೆಲಸಕ್ಕೆ ಪರವಾಗಿಲ್ಲ, ಬಾಚಣಿಗೆಯ ಆಸರೆ ಇರುತ್ತದೆ. ಕ್ಷೌರದ ಕತ್ತಿಗೆ ಅಂಥ ಆಸರೆ ಇಲ್ಲ. ನಡುಗುವ ಕೈಗೆ ಕುತ್ತಿಗೆ ಒಡ್ಡುವ ಧೈರ್ಯ ಯಾರಿಗಿದೆ? ಬೀದಿಯ ಆ ತುದಿಯಲ್ಲಿ ಎಸಿ ಹಾಕಿದ ಹೊಸ ಸಲೂನು ಬೇರೆ ಬಂದಿತ್ತು. ಕೈಯ ಸುದ್ದಿ ಹೊರಬಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ, ಅಂಗಡಿ ಮುಚ್ಚಿದರೆ ತನ್ನ ಕಥೆಯೂ ಮುಗಿದ ಹಾಗೆಯೇ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಆ ಭಾನುವಾರ ಟೈಲರಮ್ಮ ಪಕ್ಕಕ್ಕೆ ಬಾಗಿ ಕೇಳಿದಳು. “ಅಣ್ಣಾ, ಈ ವಾರ ನಿಮಗೇನು ಕೇಳ್ಲಿ? ಮುಖ ಯಾಕೋ ಸಪ್ಪಗಿದೆ.”

“ಏನಿಲ್ಲಮ್ಮ.”

“ಏನಿಲ್ಲ ಅಂತ ದೇವರ ಹತ್ರ ಹೇಳಕ್ಕಾಗುತ್ತಾ? ಏನಾದ್ರೂ ಹೇಳಿ.”

“ಮೊಣಕಾಲು ನೋವು,” ಎಂದ, ಬಾಯಿಗೆ ಬಂದದ್ದನ್ನು.

ಈ ಚರ್ಚಿನ ಪ್ರಾರ್ಥನೆಯ ತೊಂದರೆ ಏನೆಂದರೆ, ಅದು ಆಮೆನ್ ಎಂದ ಕೂಡಲೇ ಮುಗಿಯುವುದಿಲ್ಲ. ದೇವರಿಗೆ ಹೇಳಿಯಾಯಿತಲ್ಲ ಎಂದು ಕೈತೊಳೆದುಕೊಂಡು ಮನೆಗೆ ಹೋಗುವ ಜನ ಅಲ್ಲ ಇವರು. ಮಾರನೆಯ ದಿನವೇ ಟೈಲರಮ್ಮ ಹಳೆಯ ಪರದೆಗೆ ಹತ್ತಿ ತುಂಬಿ ಹೊಲಿದ ಮೊಣಕಾಲಿನ ಪಟ್ಟಿ ತಂದುಕೊಟ್ಟಳು. ಯಾರೋ ಒಂದು ಎಣ್ಣೆ ತಂದರು, ಇನ್ಯಾರೋ ಅದಕ್ಕಿಂತ ಕೆಟ್ಟ ವಾಸನೆಯ ಎಣ್ಣೆ ತಂದರು. ಮುಂದಿನ ಭಾನುವಾರ ಮೆಟ್ಟಿಲ ಬುಡದಲ್ಲಿ ಲೇತಪ್ಪನೂ ಇನ್ನೂ ಮೂವರೂ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಕಾಯುತ್ತಿದ್ದರು.

“ಕೂತ್ಕೊಳ್ಳಿ ಅಣ್ಣಾ.”

“ಅಯ್ಯೋ, ನಾನೇ ಹತ್ತೀನಿ.”

“ಸುಮ್ನೆ ಕೂತ್ಕೊಳ್ಳಿ ಅಂದ್ರೆ!”

ಮದುಮಗನೋ ಹೆಣವೋ ಎಂದು ತಿಳಿಯದ ಹಾಗೆ ಸಲೂನಣ್ಣ ಮೇಲೆ ಹೋದ. ಅಂದಿನಿಂದ ಪ್ರತಿವಾರವೂ ಹೀಗೇ. ಸುಳ್ಳು ಹೇಳಿದ್ದಕ್ಕೆ ಕುಂಟಲೇಬೇಕಾಯಿತು. ಒಂದು ದಿನ ಮರೆತು ಬಲಗಾಲು ಕುಂಟಿದ.

“ಹೋದ ವಾರ ಎಡಗಾಲಲ್ವಾ?” ಎಂದಳು ಟೈಲರಮ್ಮ.

“ನೋವು ಓಡಾಡ್ತಿದೆಯಮ್ಮ.”

“ನೋವಾದ್ರೂ ಓಡಾಡ್ತಿದೆಯಲ್ಲ, ಬಿಡಿ,” ಎಂದಳು ಅವಳು, ನಗದೆ.

ಇತ್ತ ಶನಿವಾರಗಳು ಬರುತ್ತಲೇ ಇದ್ದವು. ಕೆಲಸವಿರಲಿ ಬಿಡಲಿ, ಭಾನುವಾರಕ್ಕೆ ಗಡ್ಡ ಬೋಳಿಸಿಕೊಂಡಿರಬೇಕು ಎನ್ನುವುದು ಚರ್ಚಿನ ಗಂಡಸರ ಹಟ. ಒಬ್ಬೊಬ್ಬರಾಗಿ ಬಂದು ತಿರುಗುವ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸುತ್ತಿದ್ದರು. ಸಲೂನಣ್ಣ ಉಸಿರು ಬಿಗಿಹಿಡಿದು ಕತ್ತಿ ಎತ್ತುತ್ತಿದ್ದ. ಎಲ್ಲೋ ಒಂದು ಕಡೆ ಚುರ್ರೆಂದೇ ತೀರುತ್ತಿತ್ತು. ಪಟಿಕ ಉಜ್ಜಿ, ಸಣ್ಣ ಪ್ಲಾಸ್ಟರ್ ಅಂಟಿಸಿ, ಒಬ್ಬನಿಗೆ “ಬ್ಲೇಡು ಹೊಸದು,” ಎನ್ನುತ್ತಿದ್ದ, ಇನ್ನೊಬ್ಬನಿಗೆ “ನೀವು ಅಲ್ಲಾಡಿದ್ರಿ.” ಪಾಸ್ಟರಿಗೆ “ನಿಮ್ಮ ಗಲ್ಲದ ಮೂಳೆಯೇ ಹಾಗೆ,” ಎಂದಿದ್ದ. ಪಾಸ್ಟರ್ ಕನ್ನಡಿ ನೋಡಿಕೊಂಡು, “ನಮ್ಮಪ್ಪಂದೂ ಹೀಗೇ ಇತ್ತು,” ಎಂದು ಒಪ್ಪಿಕೊಂಡಿದ್ದರು. ಒಬ್ಬರ ಗಾಯ ಇನ್ನೊಬ್ಬರ ಗಮನಕ್ಕೆ ಬಂದಿರಲಾರದು ಎಂದು ಸಲೂನಣ್ಣ ನಂಬಿದ್ದ. ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ಕೂರುವವನಿಗೆ ಕಾಣುವುದು ಬರೀ ಹಿಂದಲೆಗಳು. ಅವು ಅವನ ಕತ್ತರಿಯ ಕೆಲಸ, ಚೆನ್ನಾಗಿಯೇ ಇದ್ದವು.

ಹೀಗಿರುವಾಗ ಒಂದು ಭಾನುವಾರ ಕುರ್ಚಿ ಹೊತ್ತು ಮೇಲೆ ಬಂದ ಲೇತಪ್ಪನ ಬೆನ್ನು ಹಿಡಿದುಕೊಂಡಿತು. ಅವನು ನೋವು ನುಂಗಿಕೊಂಡು, “ಏನಾಗಿಲ್ಲ ಅಣ್ಣಾ,” ಎಂದು ಸೊಟ್ಟಗೆ ಕೂತ. ಸಲೂನಣ್ಣನಿಗೆ ನಾಚಿಕೆಯಿಂದ ಸತ್ತೇ ಹೋಗೋಣ ಎನ್ನಿಸಿತು. ಇನ್ನು ಸಾಕು ಎಂದು ಟೈಲರಮ್ಮನ ಕಡೆ ಬಾಗಿ, “ಮೊಣಕಾಲು ವಾಸಿಯಾಯ್ತಮ್ಮ,” ಎಂದ.

ಅವಸರದಲ್ಲಿ ಒಂದನ್ನು ಮರೆತಿದ್ದ. ವಾಸಿಯಾದವರು ಮುಂದೆ ಹೋಗಿ ನಿಂತು ಸಾಕ್ಷಿ ಹೇಳಬೇಕು. ಆ ಚರ್ಚಿನಲ್ಲಿ ತನ್ನ ಬಗ್ಗೆ ತಾನು ಮಾತಾಡಲು ಅನುಮತಿ ಇರುವುದು ಆಗ ಮಾತ್ರ.

“ಹಲ್ಲೆಲೂಯಾ! ಅಣ್ಣಂಗೆ ವಾಸಿಯಾಯ್ತಂತೆ!” ಎಂದು ಟೈಲರಮ್ಮ ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಹೋಗದೆ ವಿಧಿಯಿರಲಿಲ್ಲ. ಸಲೂನಣ್ಣ ಬಕೆಟ್ಟಿನ ಪಕ್ಕಕ್ಕೆ ಹೋಗಿ ನಿಂತು ಸಭೆಯ ಕಡೆ ತಿರುಗಿದ.

ಮೊದಲ ಸಲ ಅವನು ಎಲ್ಲರ ಮುಖಗಳನ್ನು ಒಟ್ಟಿಗೆ ನೋಡಿದ್ದು. ಮೊದಲ ಸಾಲಿನಲ್ಲಿ ಒಂದು ಗಲ್ಲದ ಮೇಲೆ ಪ್ಲಾಸ್ಟರ್. ಅದರ ಪಕ್ಕದ ಗಲ್ಲದ ಮೇಲೂ ಪ್ಲಾಸ್ಟರ್. ಎರಡನೆಯ ಸಾಲಿನಲ್ಲಿ ಕಿವಿಯ ಕೆಳಗೆ, ಮೂಗಿನ ಕೆಳಗೆ, ಕುತ್ತಿಗೆಯ ಮೇಲೆ. ಹಿಂದಿನ ಸಾಲಿನವರೆಗೂ ಒಂದೇ ಅಳತೆಯ ಚೌಕ ಪ್ಲಾಸ್ಟರ್‌ಗಳು, ಎಲ್ಲ ಅವನೇ ಕೈಯಾರೆ ಅಂಟಿಸಿದವು. ಪಕ್ಕದಲ್ಲಿ ಪಾಸ್ಟರ್ ಪ್ಲಾಸ್ಟರ್ ಅಂಟಿದ ಗಲ್ಲವನ್ನೆತ್ತಿ ಪ್ರೀತಿಯಿಂದ ನಗುತ್ತಿದ್ದರು. ಇವರ್ಯಾರೂ ಕನ್ನಡಿ ಇಲ್ಲದ ಮನೆಯವರಲ್ಲ. ಎಸಿ ಸಲೂನಿನ ದಾರಿ ಗೊತ್ತಿಲ್ಲದವರೂ ಅಲ್ಲ.

ಸಾಕ್ಷಿಗೆಂದು ಹೊಂದಿಸಿಕೊಂಡಿದ್ದ ಮಾತನ್ನು ಅವನು ಅಲ್ಲೇ ಕೈಬಿಟ್ಟ.

“ನನ್ನ ಮೊಣಕಾಲಿಗೆ ಏನೂ ಆಗಿರ್ಲಿಲ್ಲ,” ಎಂದ ಸಲೂನಣ್ಣ. “ಕೈ. ಕೈ ನಡುಗ್ತದೆ.” ಬಲಗೈ ಮುಂದೆ ಚಾಚಿ ತೋರಿಸಿದ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಕೆಳಗೆ ಟಯರಿಗೆ ಗಾಳಿ ತುಂಬುವ ಸದ್ದು ನಿಂತ ಮೇಲೆ ಟೈಲರಮ್ಮ ಎದ್ದಳು. “ಗೊತ್ತು ಅಣ್ಣಾ. ನೀವು ಮೊಣಕಾಲು ಅಂದ್ರಿ, ಇಲ್ಲಿ ಮೊಣಕಾಲಿಗೆ ಕೇಳಿದ್ವಿ. ಕೈಗೆ ಮನೇಲಿ ಕೇಳ್ತಿದ್ವಿ.”

“ಮತ್ತೆ ನನ್ನ ಹೊತ್ಕೊಂಡು ಬಂದಿದ್ದು?”

“ನೋವು ಅಂದ ಮೇಲೆ ಹೊರದೆ ಇರಕ್ಕಾಗುತ್ತಾ?” ಎಂದ ಲೇತಪ್ಪ, ಬೆನ್ನು ನೀವಿಕೊಳ್ಳುತ್ತ. “ಸುಳ್ಳು ಅನ್ಸಿತ್ತು. ಅಕಸ್ಮಾತ್ ನಿಜ ಆಗಿದ್ರೆ?”

“ಕುತ್ತಿಗೆ ಕೊಟ್ಟು ಕೂತ್ಕೋತಿದ್ರಲ್ಲ, ಹೆದರಿಕೆ ಆಗ್ಲಿಲ್ವಾ?”

“ಆಗ್ತಿತ್ತು,” ಎಂದರು ಪಾಸ್ಟರ್. “ಶನಿವಾರ ನಿಮ್ಮ ಕುರ್ಚೀಲಿ ಮಾಡಿದಷ್ಟು ಪ್ರಾರ್ಥನೆ ನಾನು ಇಲ್ಲೂ ಮಾಡಿಲ್ಲ.”

ಸಲೂನಣ್ಣ ಅಲ್ಲೇ ನಿಂತು, ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ಅಳುವಷ್ಟು ಅಳಲಿ ಎಂದು ಕಾದರು. ಅಂದು ಊಟ ತಡವಾಯಿತು.

ಮಾರನೆಯ ದಿನ ಬೆಳಿಗ್ಗೆ ಲೇತಪ್ಪ ಅಂಗಡಿಗೆ ಬಂದ. ಗಡ್ಡಕ್ಕಲ್ಲ. ಅಂಗಿಯ ತೋಳು ಮಡಚಿಕೊಂಡು ಕೈ ತೊಳೆದ.

“ಲೇತಲ್ಲಿ ಕೂದಲೆಳೆಯಷ್ಟು ಕಬ್ಬಿಣ ತೆಗೀತಿದ್ದ ಕೈ ಇದು. ಗಡ್ಡ ಏನು ಮಹಾ? ಕತ್ತಿ ಕೊಡಿ, ನೀವು ಹೇಳ್ಕೊಡಿ.”

“ಯಾರ ಮೇಲೆ ಕಲೀತೀಯ?”

ಇಬ್ಬರೂ ಖಾಲಿ ಕುರ್ಚಿಯನ್ನು ನೋಡಿದರು. ತನ್ನ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಸಲೂನಣ್ಣ ಕೂತದ್ದು ಅದೇ ಮೊದಲು. ತಲೆ ಹಿಂದಕ್ಕೆ ಒರಗಿಸಿದ. ಕತ್ತಿ ಗಂಟಲ ಹತ್ತಿರ ಬಂದಾಗ ತನಗರಿವಿಲ್ಲದೆ ಪ್ರಾರ್ಥನೆ ಶುರುಮಾಡಿದ. ಪಾಸ್ಟರ್ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಗಡ್ಡಕ್ಕೂ ಕಬ್ಬಿಣಕ್ಕೂ ವ್ಯತ್ಯಾಸವಿದೆ ಎಂಬುದು ಬೇಗನೆ ಗೊತ್ತಾಯಿತು.

“ಬ್ಲೇಡು ಹೊಸದು,” ಎಂದ ಲೇತಪ್ಪ, ಪಟಿಕ ಹುಡುಕುತ್ತ.

ಆ ಶನಿವಾರ ಅಂಗಡಿಯಲ್ಲಿ ಕತ್ತರಿ ಸಲೂನಣ್ಣನದು, ಕತ್ತಿ ಲೇತಪ್ಪನದು. ಗಂಡಸರೆಲ್ಲ ಎಂದಿನಂತೆ ಬಂದರು, ಎಂದಿನಂತೆ ಪ್ಲಾಸ್ಟರ್ ಅಂಟಿಸಿಕೊಂಡು ಹೋದರು. ಭಾನುವಾರ ಸಲೂನಣ್ಣ ತನ್ನ ಕಾಲಲ್ಲೇ ಮೆಟ್ಟಿಲು ಹತ್ತಿ, ತನ್ನ ಗಲ್ಲದ ಪ್ಲಾಸ್ಟರ್ ಸಮೇತ ಕೊನೆಯ ಸಾಲಿನಲ್ಲಿ ಕೂತ. ಅವನ ಸರದಿ ಬಂತು. ಎದ್ದು ನಿಂತು ಕಣ್ಣು ಮುಚ್ಚಿದ.

“ಕರ್ತನೇ, ನನ್ನ ಎಡಗಡೆಯವನಿಗೆ ಕೆಲಸ ಸಿಕ್ಕಿದೆ. ಅವನ ಕೈ ಪಳಗಲಿ. ಬೇಗ ಪಳಗಲಿ.”

ಗಂಡಸರೆಲ್ಲ ಆಮೆನ್ ಎಂದರು. ಮೊಣಕಾಲಿಗೆ ಯಾವತ್ತೂ ಅಷ್ಟು ಗಟ್ಟಿಯಾಗಿ ಅಂದಿರಲಿಲ್ಲ.